ಹಳೇ ಸೊಸೈಟಿಯ ಕೋಣೆಯನ್ನು ಮ್ಯೂಸಿಯಂ ಮಾಡುವುದಾದರೆ

ಮೊದಲು ಗುಜರಿಯವರಿಗೆ ಬರಬೇಡಿ ಎಂದು ಹೇಳಿ. ಊರಿನ ಸಹಕಾರಿ ಸಂಘ ರಸ್ತೆಬದಿಯ ಹೊಸ ಕಟ್ಟಡಕ್ಕೆ ಹೋದಾಗ ಹಳೇ ಹಂಚಿನ ಮಾಡಿನ ಕೆಳಗೆ ಉಳಿಯುವುದು ಒಂದು ತಿಜೋರಿ, ಎರಡು ಮೇಜು, ಅಟ್ಟದ ತುಂಬ ಲೆಡ್ಜರು. ತಿಜೋರಿ ಹೊರಲಾರದ ಭಾರವಾದ್ದರಿಂದ ಹೇಗೋ ಉಳಿಯುತ್ತದೆ. ಲೆಡ್ಜರುಗಳು ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಕರಾವಳಿಯ ಒಂದು ಹಳ್ಳಿಯ ಸಂಘದಲ್ಲಿ ಗುಮಾಸ್ತನಾಗಿ ಸೇರಿ, ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ನಾನು ರಜೆಯಲ್ಲಿದ್ದ ಒಂದು ವಾರದಲ್ಲಿ ನಮ್ಮಲ್ಲೂ ಒಂದು ಪಿಕಪ್ ತುಂಬ ಪುಸ್ತಕ ಹೋಯಿತು. ಉಳಿದ ನಲವತ್ತೊಂದು ಪುಸ್ತಕಗಳನ್ನು ಇಟ್ಟುಕೊಂಡು ಮುಂದಿನ ಕೋಣೆಯನ್ನು ಮ್ಯೂಸಿಯಂ ಮಾಡಿದೆವು. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಆಡಳಿತ ಮಂಡಳಿಯಲ್ಲಿ ಯಾರಾದರೂ "ಇಷ್ಟು ಸಣ್ಣ ಸೊಸೈಟಿಗೆ ಮ್ಯೂಸಿಯಂ ಯಾಕೆ" ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಸ್ಕಾಟ್ಲೆಂಡಿನ ರುತ್‌ವೆಲ್ ಎಂಬ ಹಳ್ಳಿಯ ಕಥೆ ಹೇಳಿ. ಅಲ್ಲಿನ ಪಾದ್ರಿ ಹೆನ್ರಿ ಡಂಕನ್ 1810ರಲ್ಲಿ ಕೂಲಿಯವರಿಗಾಗಿ ಉಳಿತಾಯ ಬ್ಯಾಂಕು ತೆರೆದರು. ಆಗಿನ ದೊಡ್ಡ ಬ್ಯಾಂಕುಗಳಿಗೆ ಹತ್ತು ಪೌಂಡಾದರೂ ತರಬೇಕಿತ್ತು. ಡಂಕನ್ ಆರು ಪೆನ್ಸ್ ತಂದವರನ್ನೂ ಕೂರಿಸಿ ಬರೆದುಕೊಂಡರು. ಹಣದ ಪೆಟ್ಟಿಗೆಗೆ ಮೂರು ಬೀಗ, ಬೀಗದ ಕೈ ಮೂವರ ಹತ್ತಿರ. ಆ ಪುಟ್ಟ ಮನೆ ಇವತ್ತು ಉಳಿತಾಯ ಬ್ಯಾಂಕುಗಳ ಮ್ಯೂಸಿಯಂ. ನಮ್ಮ ಕಡೆಯದೇ ಬೇಕೆಂದರೆ ಉಡುಪಿ ಇದೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಶುರುಮಾಡಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಸಾಹೇಬರ ಮನೆಯನ್ನೇ ಮ್ಯೂಸಿಯಂ ಮಾಡಿ ನಾಣ್ಯಗಳನ್ನು ಇಟ್ಟಿದ್ದಾರೆ. ತೆರೆದಿರುವ ಹೊತ್ತು ವಿಚಾರಿಸಿಕೊಂಡು ಮಂಡಳಿಯವರನ್ನು ಒಮ್ಮೆ ಕರೆದುಕೊಂಡು ಹೋಗಿ. ಗದಗದ ಕಡೆಯವರಿಗೆ ಹೇಳುವುದೇ ಬೇಡ: 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಕಣಗಿನಹಾಳ ಅವರ ಬಾಗಿಲಲ್ಲೇ ಇದೆ.

ಮಂಡಳಿ ಒಪ್ಪಿದರೆ ನಿರ್ಣಯ ಬರೆಸಿ, ಸಹಿ ಹಾಕಿಸಿ. ಬಾಯಿಮಾತು ಮುಂದಿನ ಚುನಾವಣೆಯವರೆಗೆ ಮಾತ್ರ. ಯಾವ ದಾಖಲೆ ಇನ್ನೂ ಕಚೇರಿಯಲ್ಲೇ ಇರಬೇಕು, ಯಾವುದನ್ನು ಮ್ಯೂಸಿಯಮ್ಮಿಗೆ ತರಬಹುದು ಎಂದು ಸಹಕಾರ ಇಲಾಖೆಯವರನ್ನು ಕೇಳಿ ಅದನ್ನೂ ನಿರ್ಣಯದಲ್ಲಿ ಸೇರಿಸಿ.

ಕೋಣೆಗೆ ಹೋದವರೇ ಪೊರಕೆ ಹಿಡಿಯಬೇಡಿ. ಯಾವ ವಸ್ತು ಎಲ್ಲಿತ್ತು ಎಂದು ಮೊದಲು ಫೋಟೊ ತೆಗೆಯಿರಿ. ನಮ್ಮ ಕೌಂಟರಿನ ಹಲಗೆಯಲ್ಲಿ ಒಂದು ಕಡೆ ಅಂಗೈಯಗಲ ಮರ ಸವೆದು ತಗ್ಗಾಗಿತ್ತು. ನಾಣ್ಯ ಎಳೆದೆಳೆದು ಎಣಿಸಿದ ಜಾಗ ಅದು. ಬಡಗಿ ಅದನ್ನು ಗೀಸುಳಿ ಹಾಕಿ ಸಮ ಮಾಡಿ ವಾರ್ನಿಷ್ ಬಳಿಯಲು ಹೊರಟಿದ್ದರು, ಅರ್ಧ ನಿಮಿಷ ತಡವಾಗಿದ್ದರೆ ಮುಗಿದುಹೋಗುತ್ತಿತ್ತು. ಈಗ ಬಂದವರೆಲ್ಲ ಮೊದಲು ಕೈಯಿಡುವುದು ಆ ತಗ್ಗಿನ ಮೇಲೆ.

ಇನ್ನು ಪುಸ್ತಕಗಳು. ನಮ್ಮ ಮಳೆಗಾಲದಲ್ಲಿ ಕಾಗದದ ಶತ್ರು ಎಂದರೆ ತೇವ. ಬೂಷ್ಟು, ಗೆದ್ದಲು ಎರಡೂ ಅದರ ಹಿಂದೆಯೇ ಬರುತ್ತವೆ. ಆದ್ದರಿಂದ ಅಟ್ಟದಿಂದ ಪುಸ್ತಕ ಇಳಿಸುವ ಕೆಲಸ ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ, ನೆರಳಲ್ಲಿ ಗಾಳಿಯಾಡುವ ಕಡೆ ಒಣಗಲು ಬಿಡಿ. ಬಿಸಿಲಿಗೆ ಹಾಕಿದರೆ ಹಾಳೆ ಹಪ್ಪಳವಾಗುತ್ತದೆ, ಶಾಯಿಯೂ ಮಾಸುತ್ತದೆ. ಪೂರ್ತಿ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಪೇಂಟಿಂಗ್ ಬ್ರಷ್‌ನಿಂದ ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ಮೆಲ್ಲಗೆ ಗುಡಿಸಿ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ. ಅವು ಹಾಳೆಯನ್ನು ಒಳಗಿಂದಲೇ ತಿನ್ನುತ್ತವೆ.

ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ, ಅಂಟು ಅಕ್ಷರದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದು. ನಮ್ಮ ಮೊದಲ ಸದಸ್ಯರ ಪಟ್ಟಿಯನ್ನು ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿಬಿಟ್ಟೆವು. ಪ್ಲಾಸ್ಟಿಕ್ಕಿನೊಳಗೆ ಹಾಳೆ ಕಂದುತ್ತಿರುವುದು ಈಗ ಕಣ್ಣಿಗೆ ಕಾಣುತ್ತದೆ, ಬಿಡಿಸಲು ದಾರಿಯಿಲ್ಲ. ಅದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹರಿದದ್ದನ್ನು ಹರಿದ ಹಾಗೆಯೇ ಒಂದು ಬಿಳಿ ಹಾಳೆಯ ಮಡಿಕೆಯೊಳಗೆ ಇಡಿ, ಸಾಕು.

ಕಟ್ಟಲು ಕೋರಾ ಬಟ್ಟೆ ತಂದು ಎರಡು ಸಲ ಒಗೆದು ಗಂಜಿ ತೆಗೆಯಿರಿ, ಗಂಜಿಯ ವಾಸನೆಗೆ ಹುಳ ಬರುತ್ತದೆ. ಕೆಂಪು ಬಟ್ಟೆ ಚೆಂದ ಕಂಡರೂ ತೇವಕ್ಕೆ ಬಣ್ಣ ಬಿಡುತ್ತದೆ. ಬೇವಿನ ಎಲೆ ಇಡುವುದಾದರೆ ಗರಿಗರಿಯಾಗಿ ಒಣಗಿರಲಿ. ಕಪಾಟು ಗೋಡೆಗೆ ತಾಗಿರಬಾರದು, ನಡುವೆ ಕೈ ಆಡುವಷ್ಟು ಜಾಗ ಬೇಕು. ಕೆಳಗೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿ. ಹಂಚು ಸೋರುವ ಕಡೆಯನ್ನು ಮಳೆಗಾಲಕ್ಕೆ ಮುಂಚೆಯೇ ಸರಿಮಾಡಿ. ಪುಸ್ತಕಕ್ಕೊಂದು ನಂಬ್ರ ಹಾಕಿ, ಬೇರೆ ರಿಜಿಸ್ಟರಿನಲ್ಲಿ ಬರೆಯಿರಿ: ಏನು, ಯಾವ ವರ್ಷದ್ದು, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು. ಲೆಡ್ಜರಿನ ಮೇಲೆ ನಂಬ್ರ ಬರೆಯಲು ಪೆನ್ಸಿಲ್ ಮಾತ್ರ.

ತಿಜೋರಿಯ ಮಾತು ಬೇಗ ಮುಗಿಸುತ್ತೇನೆ. ಬೀಗದ ಕೈ ಕಳೆದಿದ್ದರೆ ಗ್ಯಾಸ್ ಕಟ್ಟರ್ ತರಿಸಬೇಡಿ, ತಿಜೋರಿ ಬಲ್ಲ ಬೀಗದವರನ್ನು ಹುಡುಕಿ. ಹೊಸ ಪೇಂಟ್ ಬೇಡ. ಹಿತ್ತಾಳೆಯ ಹಿಡಿಯನ್ನೂ ಹಳೇ ನಾಣ್ಯಗಳನ್ನೂ ಹುಣಸೆಹುಳಿ ಹಾಕಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಇಲ್ಲಿ ಮಾತ್ರ ಕೈ ತಡೆಯಿರಿ, ಹುಳಿ ಲೋಹದ ಮೇಲ್ಪದರವನ್ನೇ ತಿನ್ನುತ್ತದೆ.

ಲೆಡ್ಜರು ತೆರೆದಿಟ್ಟರೆ ಸಾಲದು, ಓದಲು ಕಲಿಸಬೇಕು. ಒಂದು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಅಲ್ಲಿಗೆ ರೂಪಾಯಿಗೆ 192 ಪೈ. ಅಂಕಿಯ ಮುಂದೆ ಒಂದು ನೆಟ್ಟಗಿನ ಗೀಟು ಕಂಡರೆ ಕಾಲು ರೂಪಾಯಿ, ಎರಡು ಅರ್ಧ, ಮೂರು ಮುಕ್ಕಾಲು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಆ ವರ್ಷದ ರೋಕಡ ಪುಸ್ತಕ ನಿಮ್ಮಲ್ಲಿದ್ದರೆ ಅದನ್ನೇ ಮೇಜಿನ ಮೇಲಿಡಿ. ನಮ್ಮದರಲ್ಲಿ ಗುಮಾಸ್ತರು ಹಲವು ದಿನ ಎರಡೂ ಲೆಕ್ಕ ಬರೆದು ತಾಳೆ ನೋಡಿದ್ದಾರೆ. ಶಾಲೆಯ ಮಕ್ಕಳು ಬಂದರೆ ನಾನು ಉಡುಪಿಯ ಆ ಬ್ಯಾಂಕಿನ ಮೊದಲ ದಿನದ ಶಿಲ್ಕನ್ನು ಹಲಗೆಯ ಮೇಲೆ ಬರೆಯುತ್ತೇನೆ: 38 ರೂಪಾಯಿ 13 ಆಣೆ 2 ಪೈ. ಹದಿಮೂರು ಆಣೆಗೆ 156 ಪೈ, ಎರಡು ಸೇರಿಸಿ 158, ಅದನ್ನು 192ರಿಂದ ಭಾಗಿಸಿ ಎನ್ನುತ್ತೇನೆ. 82 ಪೈಸೆ ಎಂದು ಮೊದಲು ಕೂಗಿದವರಿಗೆ ಒಂದಾಣೆಯ ಬಿಲ್ಲೆ ಹಿಡಿದು ನೋಡುವ ಅವಕಾಶ. ಪಿಗ್ಮಿಯ ಹಳೇ ಕಾರ್ಡು ಸಿಕ್ಕರೆ ಬಿಡಬೇಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಎತ್ತಲು ಶುರುಮಾಡಿದ ಯೋಜನೆ ಅದು. ನಮ್ಮೂರಿನಲ್ಲಿ ಬೀಡಿ ಕಟ್ಟುವ ಎಷ್ಟೋ ಹೆಂಗಸರು ಪಿಗ್ಮಿಯಿಂದಲೇ ಮಕ್ಕಳ ಫೀಸು ಕಟ್ಟಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಸುಸ್ತಿದಾರರ ಪಟ್ಟಿ, ಜಪ್ತಿ ನೋಟೀಸು, ಜಾಮೀನು ಪತ್ರ ಇವು ಜನ ನೋಡುವ ಮೇಜಿಗೆ ಬರಬಾರದು. ಸಾಲ ತೀರಿಸಲಾಗದವರ ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ. ಸಾಲದ ಲೆಡ್ಜರು ತೆರೆದಿಡುವುದಾದರೆ ಹೆಸರಿನ ಮೇಲೆ ಬಿಳಿ ಪಟ್ಟಿ ಇಟ್ಟು, ಸಾಲದ ಕಾರಣ ಮಾತ್ರ ಕಾಣುವ ಹಾಗೆ ಮಾಡಿ: "ಒಂದು ಜೊತೆ ಕೋಣ", "ಬಾವಿ ತೋಡಲು", "ಮಾಡಿಗೆ ಹಂಚು". ಊರು ಹೇಗೆ ಬದುಕಿತು ಎಂದು ತಿಳಿಯಲು ಅಷ್ಟು ಸಾಕು. ಹೆಸರು ತೋರಿಸುವುದಾದರೆ ಮನೆಯವರನ್ನು ಕೇಳಿ. ಹಾಗೆ ಕೇಳಲು ಹೋದಾಗ ಒಬ್ಬರು ಅಕ್ಕ ನಮ್ಮ ಜೊತೆಗೇ ಬಂದರು. ಅವರ ಅಜ್ಜಿಯದು ಐದು ರೂಪಾಯಿಯ ಷೇರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಅಜ್ಜಿಯ ಫೋಟೊ ಮನೆಯಲ್ಲಿ ಒಂದೂ ಇಲ್ಲವಂತೆ. ಆ ನೇರಳೆ ಗುರುತಿನ ಪಕ್ಕ ತನ್ನ ಹೆಬ್ಬೆರಳನ್ನು, ಕಾಗದಕ್ಕೆ ತಾಗದ ಹಾಗೆ, ತುಂಬ ಹೊತ್ತು ಹಿಡಿದು ನಿಂತರು. "ಇಡಿ ಮಾಸ್ಟ್ರೆ, ಎಲ್ಲರೂ ನೋಡ್ಲಿ" ಎಂದರು.

ತೆರೆದಿಟ್ಟ ಪುಟವನ್ನು ತಿಂಗಳಿಗೊಮ್ಮೆ ಬದಲಿಸಿ, ಬೆಳಕಿಗೆ ಶಾಯಿ ಮಾಸುತ್ತದೆ. ನಾವು ಸಂಕ್ರಮಣದ ದಿನ ಬದಲಿಸುತ್ತೇವೆ, ನೆನಪಿಡಲು ಸುಲಭ. ಬಾಗಿಲಿಗೆ ಎರಡು ಬೀಗ ಹಾಕಿ. ಒಂದರ ಕೈ ಕಾರ್ಯದರ್ಶಿಯವರಲ್ಲಿ, ಇನ್ನೊಂದರದು ಪಕ್ಕದ ಶಾಲೆಯ ಹೆಡ್‌ಮಾಸ್ಟರರಲ್ಲಿ ಇರಲಿ. ಇಬ್ಬರೂ ಬಂದು ನಿಂತ ಮೇಲೆಯೇ ಬಾಗಿಲು ತೆರೆಯಲಿ.