ಲಿನಕ್ಸ್ ಕಂಪ್ಯೂಟರ್‌ಗೆ ಮನೆ ಇಂಟರ್ನೆಟ್ ಹಾಕ್ಕೊಳ್ಳೋದು: ಗೋಡೆಯಿಂದ ಬ್ರೌಸರ್ ತನಕ

ಫೈಬರ್ ಹಾಕೋಕೆ ಬಂದ ಹುಡುಗ ಕಂಪ್ಯೂಟರ್ ಆನ್ ಮಾಡಿಸಿ ನೋಡಿ, "ಸಾರ್ ಇದ್ರಲ್ಲಿ ವಿಂಡೋಸ್ ಇಲ್ವಲ್ಲ, ಇದಕ್ಕೆ ನಮ್ ಕಡೆಯಿಂದ ಸಪೋರ್ಟ್ ಇಲ್ಲ" ಅಂತ ಹೇಳಿ, ಮೊಬೈಲಲ್ಲಿ ಸ್ಪೀಡ್ ಟೆಸ್ಟ್ ತೋರಿಸಿ ಸೈನ್ ಹಾಕಿಸ್ಕೊಂಡು ಹೊರಟುಬಿಟ್ರೆ ಗಾಬರಿ ಆಗ್ಬೇಡಿ. ಹೋದ ಮಳೆಗಾಲದಲ್ಲಿ ಶಿರಸಿ ಹತ್ರ ಇರೋ ನಮ್ಮಕ್ಕನ ಮನೇಲಿ ಹೀಗೇ ಆಯ್ತು. ಭಾವನ ಹಳೇ ಡೆಸ್ಕ್‌ಟಾಪಿಗೆ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ (ಉಬುಂಟು ಥರಾನೇ ಲಿನಕ್ಸಿನ ಒಂದು ಬಗೆ) ಹಾಕ್ಕೊಟ್ಟಿದ್ದು ನಾನೇ, ಆದ್ರೆ ಅವತ್ತು ನಾನಿದ್ದಿದ್ದು ಬೆಂಗಳೂರಲ್ಲಿ, ಹಾಗಾಗಿ ಶುರುವಿಂದ ಕೊನೆ ತನಕ ಫೋನಲ್ಲೇ ಹೇಳಿ ಮಾಡಿಸ್ದೆ. ಅವರಿಗೆ ಹೇಳಿದ ಕ್ರಮದಲ್ಲೇ ಇಲ್ಲೂ ಬರೀತಿದೀನಿ. ಇದ್ರಲ್ಲಿ ಒಂದೇ ನಿಯಮ, ಗೋಡೆಯಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಮುಂದೆ ಬರೋದು, ಹಿಂದಿನದು ಸರಿ ಇದೆ ಅಂತ ಕಣ್ಣಾರೆ ನೋಡದೆ ಮುಂದಿನದಕ್ಕೆ ಕೈ ಹಾಕ್ಬಾರದು. ನೆಟ್ ಬರ್ಲಿಲ್ಲ ಅಂತ ಸೀದಾ ಸೆಟ್ಟಿಂಗ್ಸ್ ಒಳಗೆ ಹೋಗಿ ಸಿಕ್ಕಿದ್ದನ್ನೆಲ್ಲ ಬದಲಾಯಿಸಿದವರು ಆಮೇಲೆ ಯಾವುದು ಹೇಗಿತ್ತು ಅಂತ ನೆನಪಿಲ್ಲದೆ ಒದ್ದಾಡೋದನ್ನ ನಾನು ತುಂಬ ನೋಡಿದೀನಿ.

ಮೊದ್ಲು ಗೋಡೆ ಮೇಲಿನ ಡಬ್ಬಿ ನೋಡಿ. ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರೋ ವೈರು ಬಂದು ಸೇರ್ಕೊಳ್ಳತ್ತಲ್ಲ, ಅದಕ್ಕೆ ಒಎನ್‌ಟಿ ಅಂತಾರೆ, ಮನೇಲಿ ಎಲ್ರೂ ಅದನ್ನ ರೂಟರ್ ಅಥವಾ ಮೋಡೆಮ್ ಅಂತಾನೇ ಕರೆಯೋದು, ನಡಿಯತ್ತೆ. ಅದ್ರಲ್ಲಿ ಪಿಒಎನ್ ಅಂತ ಬರೆದಿರೋ ಹಸಿರು ಲೈಟ್ ಮಿಣುಕದೆ ಗಟ್ಟಿಯಾಗಿ ಉರೀತಾ ಇರ್ಬೇಕು. ಎಲ್‌ಒಎಸ್ ಅನ್ನೋದು ಕೆಂಪಗೆ ಹತ್ಕೊಂಡಿದ್ರೆ ಬೆಳಕೇ ಒಳಗೆ ಬರ್ತಿಲ್ಲ ಅಂತ ಅರ್ಥ, ಎಲ್ಲೋ ಮರದ ಕೊಂಬೆ ಬಿದ್ದು ವೈರು ಕಟ್ಟಾಗಿರತ್ತೆ ಇಲ್ಲಾ ಬಾಗಿಲಿಗೆ ಸಿಕ್ಕಿ ಮಡಚಿಕೊಂಡಿರತ್ತೆ, ಆವಾಗ ಲಿನಕ್ಸಲ್ಲಿ ಏನು ಮಾಡಿದ್ರೂ ಪ್ರಯೋಜನ ಇಲ್ಲ, ಕಂಪ್ಲೇಂಟ್ ಕೊಡೋದೇ. ಆ ವೈರನ್ನ ಬಿಗಿಯಾಗಿ ಸುತ್ತಿ ಮೊಳೆಗೆ ಕಟ್ಬೇಡಿ, ಬಿಚ್ಚಿ ತುದಿಯಲ್ಲಿ ಕಣ್ಣಿಟ್ಟು ನೋಡೋದಂತೂ ಬೇಡವೇ ಬೇಡ, ಅದರಲ್ಲಿ ಬರೋ ಲೇಸರ್ ಕಣ್ಣಿಗೆ ಕಾಣಲ್ಲ ಆದ್ರೆ ಕಣ್ಣಿಗೆ ಒಳ್ಳೇದಲ್ಲ. ಮಳೆ ಬಂದಾಗೆಲ್ಲ ನೆಟ್ ಹೋಗಿ ಬಂದು ಮಾಡ್ತಿದ್ರೆ ಲೈನ್‌ಮನ್ ಬಂದಾಗ ವೈರಲ್ಲಿ ಬರೋ ಬೆಳಕಿನ ಪವರ್ ಎಷ್ಟು ಡಿಬಿಎಂ (ಅದರ ಅಳತೆ) ಇದೆ ಅಂತ ಮೀಟರ್ ಇಟ್ಟು ತೋರಿಸೋಕೆ ಹೇಳಿ. ಮೈನಸ್ 15ರಿಂದ ಮೈನಸ್ 25ರ ಒಳಗಿದ್ರೆ ಚೆನ್ನಾಗಿದೆ, ಮೈನಸ್ 27ಕ್ಕಿಂತ ಕೆಳಗೆ ಹೋಗಿದ್ರೆ ಎಲ್ಲೋ ಜಾಯಿಂಟ್ ಸರಿ ಕೂತಿಲ್ಲ. ಈ ನಂಬರ್ ಕೇಳಿದ್ರೆ ಅವರೂ ನಿಮ್ಮನ್ನ ಸುಮ್ನೆ ಸಾಗಹಾಕಲ್ಲ.

ಡಬ್ಬಿ ಸರಿ ಇದ್ರೆ ಕಂಪ್ಯೂಟರಿಗೆ ಬನ್ನಿ. ಆಗೋದಾದ್ರೆ ವೈಫೈ ಪಕ್ಕಕ್ಕಿಟ್ಟು ಮೊದಲ ಸಲ ಲ್ಯಾನ್ ಕೇಬಲಲ್ಲೇ ಮಾಡಿ ಅಂತ ನಾನು ಕೈಮುಗಿದು ಹೇಳ್ತೀನಿ, ಯಾಕಂದ್ರೆ ಕೇಬಲ್ಲಿಗೆ ಬೇಕಾದ ಡ್ರೈವರ್ (ಯಂತ್ರದ ಆ ಭಾಗವನ್ನ ನಡೆಸೋ ಸಾಫ್ಟ್‌ವೇರ್) ಬಹುತೇಕ ಎಲ್ಲ ಕಂಪ್ಯೂಟರಲ್ಲೂ ಲಿನಕ್ಸ್ ಒಳಗೇ ಇರತ್ತೆ, ಚುಚ್ಚಿದ ತಕ್ಷಣ ಮೇಲೆ ಇಲ್ಲಾ ಕೆಳಗೆ ಮೂಲೇಲಿ ನೆಟ್‌ವರ್ಕ್ ಚಿಹ್ನೆ ಬದಲಾಗತ್ತೆ, ಎಷ್ಟೋ ಮನೇಲಿ ಕೆಲಸ ಅಲ್ಲಿಗೇ ಮುಗೀತು. ಯಾಕೆ ಮುಗೀತು ಅಂದ್ರೆ ಈಗ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗೋ ಕೆಲಸನ ಆ ಡಬ್ಬಿನೇ ಮಾಡ್ಕೊಂಡುಬಿಡತ್ತೆ, ಕಂಪ್ಯೂಟರಿಗೆ ಬರೀ ಒಂದು ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಅದರ ವಿಳಾಸದ ನಂಬರ್ ಹಂಚತ್ತೆ, ಅದನ್ನ ಈಸ್ಕೊಳ್ಳೋಕೆ ವಿಂಡೋಸ್ ಆದ್ರೇನು ಲಿನಕ್ಸ್ ಆದ್ರೇನು. ಬಿಎಸ್‌ಎನ್‌ಎಲ್ ಡೇಟಾವನ್ ಕಾಲದಲ್ಲಿ ಫೋನ್ ವೈರಲ್ಲೇ ಬ್ರಾಡ್‌ಬ್ಯಾಂಡ್ ಬರ್ತಿದ್ದಾಗ ವಿಪಿಐ 0, ವಿಸಿಐ 35 ಅಂತೆಲ್ಲ ಲೈನಿನ ನಂಬರ್‌ಗಳನ್ನ ಮೋಡೆಮಲ್ಲಿ ತುಂಬಿ, ಕಂಪ್ಯೂಟರಲ್ಲಿ ಡಯಲ್ ಮಾಡ್ತಿದ್ವಿ, ಲಿನಕ್ಸಲ್ಲಿ ನೆಟ್ ಕಷ್ಟ ಅನ್ನೋ ಮಾತು ಆವಾಗಿಂದ ಉಳ್ಕೊಂಡಿರೋದು.

ನೆಟ್ ಬಂತೋ ಇಲ್ವೋ ನೋಡೋಕೆ ಟರ್ಮಿನಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿ ತೆಗೀರಿ, ಕಂಟ್ರೋಲ್, ಆಲ್ಟ್, ಟಿ ಮೂರೂ ಒಟ್ಟಿಗೆ ಒತ್ತಿದ್ರೆ ಬರತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಐಪಿ ಅಂತ ಹೊಡೆದು ಸ್ಪೇಸ್ ಬಿಟ್ಟು ಎ ಅಂತ ಹಾಕಿ ಎಂಟರ್ ಕೊಡಿ. ಇಎನ್ ಅಂತ ಶುರುವಾಗೋದು ಕೇಬಲ್, ಡಬ್ಲ್ಯೂಎಲ್ ಅಂತ ಶುರುವಾಗೋದು ವೈಫೈ, ಎಲ್‌ಒ ಅನ್ನೋದನ್ನ ಬಿಟ್ಬಿಡಿ. ಕೇಬಲ್ ಹೆಸರಿನ ಕೆಳಗೆ 192.168 ಅಂತ ಶುರುವಾಗೋ ನಂಬರ್ ಕಂಡ್ರೆ ಡಬ್ಬಿ ನಿಮ್ಮನ್ನ ಒಳಗೆ ಸೇರಿಸ್ಕೊಂಡಿದೆ. ಆಮೇಲೆ ಪಿಂಗ್ (ping) ಅನ್ನೋ ಕಮಾಂಡಲ್ಲಿ ಮೂರು ಸಲ ಬಾಗಿಲು ತಟ್ಟಿ, ಪ್ರತಿ ಸಲ ಪಿಂಗ್ ಅಂತ ಹೊಡೆದು ಸ್ಪೇಸ್ ಬಿಟ್ಟು ಅಡ್ರೆಸ್ ಹಾಕಿ ಎಂಟರ್ ಕೊಡಿ. ಮೊದ್ಲು ಡಬ್ಬಿದೇ ಅಡ್ರೆಸ್, ಸಾಮಾನ್ಯವಾಗಿ 192.168.1.1, ಡಬ್ಬಿ ಕೆಳಗಿನ ಸ್ಟಿಕ್ಕರಲ್ಲಿ ಬರೆದಿರತ್ತೆ. ಎರಡನೇದು 8.8.8.8, ಅದು ಗೂಗಲ್ಲಿನ ಸರ್ವರ್. ಮೂರನೇದು ಯಾವ್ದಾದ್ರೂ ಸೈಟಿನ ಹೆಸರು. ಉತ್ತರ ಬರ್ತಿದ್ರೆ ಸಾಲು ಸಾಲಾಗಿ ಬರ್ತಾನೇ ಇರತ್ತೆ, ನಿಲ್ಸೋಕೆ ಕಂಟ್ರೋಲ್ ಮತ್ತೆ ಸಿ. ಮೊದಲನೇದೇ ಬರ್ಲಿಲ್ಲ ಅಂದ್ರೆ ತೊಂದ್ರೆ ನಿಮ್ಮ ಕಂಪ್ಯೂಟರಲ್ಲಿ ಇಲ್ಲಾ ಕೇಬಲ್ಲಲ್ಲಿ. ಮೊದಲನೇದು ಬಂದು ಎರಡನೇದು ಬರ್ಲಿಲ್ಲ ಅಂದ್ರೆ ಡಬ್ಬಿಯಿಂದ ಆಚೆ, ಆವಾಗ ಮನೇಲಿರೋ ಮೊಬೈಲಲ್ಲೂ ಅದೇ ವೈಫೈಯಲ್ಲಿ ನೆಟ್ ಬರ್ತಿರಲ್ಲ, ಕಸ್ಟಮರ್ ಕೇರಿಗೆ ಅಷ್ಟು ಹೇಳಿ, ಲಿನಕ್ಸ್ ಅನ್ನೋ ಪದಾನೇ ಎತ್ಬೇಡಿ. ಎರಡೂ ಬಂದು ಹೆಸರು ಮಾತ್ರ ಬರ್ಲಿಲ್ಲ ಅಂದ್ರೆ ಡಿಎನ್‌ಎಸ್, ಅಂದ್ರೆ ಹೆಸರನ್ನ ನಂಬರ್ ಮಾಡಿಕೊಡೋ ವ್ಯವಸ್ಥೆ ಕೈಕೊಟ್ಟಿದೆ. ನೆಟ್‌ವರ್ಕ್ ಸೆಟ್ಟಿಂಗ್ಸಲ್ಲಿ ನಿಮ್ಮ ಕನೆಕ್ಷನ್ ಪಕ್ಕದ ಹಲ್ಲಿನ ಚಕ್ರ ಒತ್ತಿ, ಐಪಿವಿ4 ಒಳಗೆ ಡಿಎನ್‌ಎಸ್ಸಿನ ಆಟೋಮ್ಯಾಟಿಕ್ ಆಫ್ ಮಾಡಿ 1.1.1.1 ಮತ್ತು 8.8.8.8 ಹಾಕಿ, ಕನೆಕ್ಷನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಈ ಮೂರು ಪಿಂಗ್ ಕಲಿತರೆ ಮುಂದೆ ಯಾವತ್ತು ನೆಟ್ ಹೋದ್ರೂ ಎರಡೇ ನಿಮಿಷದಲ್ಲಿ ತಪ್ಪು ಯಾರದ್ದು ಅಂತ ಗೊತ್ತಾಗತ್ತೆ.

ಇನ್ನು ವೈಫೈ, ಒದ್ದಾಟ ಜಾಸ್ತಿ ಇರೋದು ಇಲ್ಲೇ. ಭಾವನ ಡೆಸ್ಕ್‌ಟಾಪ್ ಇರೋದು ಒಳಗಿನ ಕೋಣೇಲಿ, ಡಬ್ಬಿ ಇರೋದು ಜಗಲೀಲಿ, ಕೇಬಲ್ ಎಳೆಯೋಕೆ ಅಕ್ಕ ಒಪ್ಪಲಿಲ್ಲ, ಹಾಗಾಗಿ ಒಂದು ಯುಎಸ್‌ಬಿ ವೈಫೈ ಡಾಂಗಲ್ ತಂದಿದ್ರು. ಚುಚ್ಚಿದ್ರೆ ವೈಫೈ ಬದ್ಲು ಸಿಡಿ ಚಿತ್ರ ಬಂತು. ಕೆಲವು ರಿಯಲ್‌ಟೆಕ್ ಡಾಂಗಲ್‌ಗಳು ಹಾಗೇ, ವಿಂಡೋಸ್ ಡ್ರೈವರನ್ನ ತಮ್ಮ ಹೊಟ್ಟೇಲೇ ಇಟ್ಕೊಂಡು ಮೊದ್ಲು ಸಿಡಿ ಥರ ಕಾಣಿಸ್ಕೊಳ್ತವೆ. ಆ ಸಿಡಿ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಟ್ರೆ ಎಷ್ಟೋ ಸಲ ಅದು ವೈಫೈ ಆಗಿ ಬದಲಾಗತ್ತೆ, ಭಾವಂಗೂ ಹಾಗೇ ಆಯ್ತು. ಆಗ್ಲಿಲ್ಲ ಅಂದ್ರೆ ಡಾಂಗಲನ್ನ ಸಿಡಿಯಿಂದ ವೈಫೈಗೆ ಬದಲಾಯಿಸೋ ಯುಎಸ್‌ಬಿ ಮೋಡ್‌ಸ್ವಿಚ್ (usb-modeswitch) ಅನ್ನೋ ಪ್ಯಾಕೇಜ್ ಇದೆಯಾ ನೋಡಿ. ಕರ್ನಲ್, ಅಂದ್ರೆ ಡ್ರೈವರ್‌ಗಳೆಲ್ಲ ಇರೋ ಲಿನಕ್ಸಿನ ತಿರುಳು, ಹೊಸದಿದ್ದಷ್ಟೂ ಒಳ್ಳೇದು, ಸುಮಾರು ರಿಯಲ್‌ಟೆಕ್ ಯುಎಸ್‌ಬಿ ಚಿಪ್‌ಗಳಿಗೆ ಕರ್ನಲ್ 6.2ರಿಂದ ಒಳಗೇ ಸಪೋರ್ಟ್ ಬಂತು, 2024ರಲ್ಲಿ ಬಂದ ಮಿಂಟ್ 22ರಲ್ಲಿ ಇರೋದು 6.8, ಹಾಗಾಗಿ ಮಿಂಟ್ 21ರಲ್ಲೇ ಕೂತಿದ್ದವರು ಅಪ್‌ಗ್ರೇಡ್ ಮಾಡ್ಕೊಂಡ್ರೆ ಅರ್ಧ ತಲೆನೋವು ಹೋಗತ್ತೆ.

ಲ್ಯಾಪ್‌ಟಾಪಲ್ಲಿ ವೈಫೈ ಕಾಣಿಸ್ತಾನೇ ಇಲ್ಲ ಅಂದ್ರೆ ಟರ್ಮಿನಲಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ (rfkill list) ಅಂತ ಕೊಡಿ. ಹಾರ್ಡ್ ಬ್ಲಾಕ್ಡ್ ಯೆಸ್ ಅಂತ ಬಂದ್ರೆ ಲ್ಯಾಪ್‌ಟಾಪಿನ ಪಕ್ಕದಲ್ಲೋ ಕೀಬೋರ್ಡಲ್ಲೋ ಇರೋ ವೈಫೈ ಸ್ವಿಚ್ ಆಫ್ ಆಗಿದೆ, ಸಾಫ್ಟ್ ಬ್ಲಾಕ್ಡ್ ಅಂದ್ರೆ ಏರ್‌ಪ್ಲೇನ್ ಮೋಡ್ ನೋಡಿ. ಎರಡೂ ಅಲ್ಲ ಅಂದ್ರೆ ಬಹುಶಃ ಡ್ರೈವರ್ ಇಲ್ಲ, ಹಳೇ ಬ್ರಾಡ್‌ಕಾಮ್ ಕಾರ್ಡ್ ಇರೋ ಲ್ಯಾಪ್‌ಟಾಪಲ್ಲಿ ಇದು ಮಾಮೂಲಿ. ಡ್ರೈವರ್ ಇಳಿಸ್ಕೊಳ್ಳೋಕೆ ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು, ಏನ್ ಮಾಡೋದು ಅಂತ ಕೇಳ್ತೀರಾ, ಮೊಬೈಲಿಗೆ ಚಾರ್ಜಿಂಗ್ ಕೇಬಲ್ ಹಾಕಿ ಕಂಪ್ಯೂಟರಿಗೆ ಚುಚ್ಚಿ, ಆಂಡ್ರಾಯ್ಡಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ ಒಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಲಿನಕ್ಸ್ ಅದನ್ನ ಕೇಬಲ್ ಕನೆಕ್ಷನ್ ಅಂತಾನೇ ತಿಳ್ಕೊಂಡು ಏನೂ ಕೇಳದೆ ನೆಟ್ ತಗೊಳ್ಳತ್ತೆ. ಚಾರ್ಜ್ ಮಾತ್ರ ಆಗೋ ಕೇಬಲ್ ಆಗ್ಬಾರದು, ಡೇಟಾ ಹೋಗೋದೇ ಬೇಕು. ಆಮೇಲೆ ಮಿಂಟಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುನಲ್ಲಿ ಅಡಿಶನಲ್ ಡ್ರೈವರ್ಸ್ ತೆಗೆದ್ರೆ ಅದೇ ಹುಡುಕಿ ಹಾಕತ್ತೆ. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಾಫ್ಟ್‌ವೇರನ್ನ ಶುರುವಲ್ಲೇ ತಡೆಯೋ ವ್ಯವಸ್ಥೆ) ಆನ್ ಇದ್ರೆ ಒಂದು ಪಾಸ್‌ವರ್ಡ್ ಇಡೋಕೆ ಹೇಳತ್ತೆ, ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನಲ್ಲಿ ಎನ್‌ರೋಲ್ ಎಂಒಕೆ ಅಂತ ಬರತ್ತೆ, ಹೆದರಿ ಸ್ಕಿಪ್ ಮಾಡ್ಬೇಡಿ, ಅದೇ ಪಾಸ್‌ವರ್ಡ್ ಅಲ್ಲಿ ಹಾಕ್ಬೇಕು, ಇಲ್ದಿದ್ರೆ ಡ್ರೈವರ್ ಕೂತಿದ್ದೂ ಕೆಲಸ ಮಾಡಲ್ಲ.

ವೈಫೈ ಬರತ್ತೆ ಆದ್ರೆ ಆಗಾಗ ಜೋಮು ಹಿಡಿದ ಹಾಗೆ ನಿಧಾನ ಆಗತ್ತೆ ಅನ್ನೋವ್ರು ಪವರ್ ಸೇವಿಂಗ್ ತೆಗೆದು ನೋಡಿ. ಇಟಿಸಿ ಫೋಲ್ಡರ್ ಒಳಗೆ ನೆಟ್‌ವರ್ಕ್‌ಮ್ಯಾನೇಜರ್, ಅದರೊಳಗೆ ಕಾನ್ಫ್ ಡಾಟ್ ಡಿ, ಅಲ್ಲಿ ಡಿಫಾಲ್ಟ್ ವೈಫೈ ಪವರ್‌ಸೇವ್ ಆನ್ (default-wifi-powersave-on.conf) ಅನ್ನೋ ಫೈಲ್ ಇರತ್ತೆ, ಅಡ್ಮಿನ್ ಆಗಿ ತೆಗೆದು 3 ಇರೋದನ್ನ 2 ಮಾಡಿ ರೀಸ್ಟಾರ್ಟ್ ಮಾಡಿ.

ಕೆಲವು ಕಡೆ, ಮುಖ್ಯವಾಗಿ ಲೋಕಲ್ ಕೇಬಲ್‌ನವರ ಕನೆಕ್ಷನಲ್ಲಿ, ಡಬ್ಬಿ ಬ್ರಿಡ್ಜ್ ಮೋಡಲ್ಲಿ ಇರತ್ತೆ, ಅಂದ್ರೆ ಲಾಗಿನ್ ನೀವೇ ಮಾಡ್ಬೇಕು. ಮಿಂಟಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್, ಉಬುಂಟುನಲ್ಲಿ ಅಡ್ವಾನ್ಸ್ಡ್ ನೆಟ್‌ವರ್ಕ್ ಕಾನ್ಫಿಗರೇಶನ್ ಅಂತ ಹುಡುಕಿ ತೆಗೀರಿ, ಪ್ಲಸ್ ಒತ್ತಿ ಡಿಎಸ್‌ಎಲ್ ಅಥವಾ ಪಿಪಿಪಿಒಇ ಆರಿಸಿ, ಯಾವ ಇಂಟರ್‌ಫೇಸ್ ಅಂತ ಕೇಳಿದಲ್ಲಿ ಇಎನ್ ಅಂತ ಶುರುವಾಗೋದನ್ನ ಕೊಡಿ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ. ಅದೇ ಯೂಸರ್‌ನೇಮಲ್ಲಿ ಇನ್ನೊಂದು ರೂಟರ್ ಲಾಗಿನ್ ಆಗಿದ್ರೆ ನಿಮ್ಮನ್ನ ಒಳಗೆ ಬಿಡದೆ ಇರೋದು ಸಾಮಾನ್ಯ. ಕನೆಕ್ಟ್ ಆಗಿ ಕೆಲವು ಸೈಟ್ ಮಾತ್ರ ತೆಗೆದು ಕೆಲವು ಸುತ್ತುತ್ತಾನೇ ಇದ್ರೆ ಅದೇ ಕನೆಕ್ಷನ್ ಸೆಟ್ಟಿಂಗಲ್ಲಿ ಎಂಟಿಯು, ಅಂದ್ರೆ ಒಂದು ಸಲಕ್ಕೆ ಕಳಿಸೋ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1492 ಮಾಡಿ, ಮಾಮೂಲಿ 1500ರಲ್ಲಿ 8 ಬೈಟು ಈ ಲಾಗಿನ್ ಪದ್ಧತಿಗೇ ಹೋಗತ್ತೆ, ಆ ಲೆಕ್ಕ ತಪ್ಪಿದ್ರೆ ದೊಡ್ಡ ಪ್ಯಾಕೆಟ್‌ಗಳು ದಾರೀಲೇ ಬಿದ್ದೋಗ್ತವೆ. ಬ್ರಿಡ್ಜಲ್ಲಿ ಮಧ್ಯೆ ರೂಟರ್ ಅನ್ನೋ ಗೋಡೆ ಇರಲ್ಲ, ಹಾಗಾಗಿ ಹೊರಗಿನವರು ಒಳಗೆ ನುಗ್ಗದ ಹಾಗೆ ತಡೆಯೋ ಫೈರ್‌ವಾಲ್ ಆನ್ ಮಾಡ್ಲೇಬೇಕು, ಮಿಂಟ್ ಉಬುಂಟು ಎರಡರಲ್ಲೂ ಅದು ತಾನಾಗಿ ಆನ್ ಆಗಿರಲ್ಲ. ಟರ್ಮಿನಲಲ್ಲಿ ಸುಡೋ ಯುಎಫ್‌ಡಬ್ಲ್ಯೂ ಎನೇಬಲ್ (sudo ufw enable) ಅಂತ ಕೊಟ್ರೆ ಸಾಕು. ಆಯ್ಕೆ ನಿಮ್ಮ ಕೈಲಿದ್ರೆ ಬ್ರಿಡ್ಜ್ ಬೇಡ, ಲಾಗಿನ್ ಡಬ್ಬಿಗೇ ಬಿಡಿ, ಆವಾಗ ಮನೆಯವರ ಮೊಬೈಲಿಗೂ ನಿಮ್ಮ ಕಂಪ್ಯೂಟರ್ ಆನ್ ಇರ್ಬೇಕು ಅನ್ನೋ ಹಂಗಿರಲ್ಲ.

ಸ್ಪೀಡ್ ವಿಷಯ ಎರಡು ಮಾತು. 100 ಎಂಬಿಪಿಎಸ್ ಪ್ಲಾನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ತೋರಿಸಿದ್ರೆ ಅದು ಸರಿಯಾಗೇ ಇದೆ, ಎಂಟು ಬಿಟ್ ಸೇರಿ ಒಂದು ಬೈಟ್. ಪ್ಲಾನ್ 200 ಇದ್ದೂ ಕೇಬಲಲ್ಲಿ 95 ದಾಟ್ತಿಲ್ಲ ಅಂದ್ರೆ ಕೇಬಲ್ ತುದಿ ನೋಡಿ, ಎಂಟು ತಂತಿ ಬದ್ಲು ನಾಲ್ಕೇ ಕ್ರಿಂಪ್ ಮಾಡಿರ್ತಾರೆ, ಅಂಥದ್ದು 100ಕ್ಕೇ ನಿಂತೋಗತ್ತೆ.

ಭಾವನ ಮನೇಲಿ ಎಲ್ಲ ಆದ್ಮೇಲೂ ಬ್ರೌಸರಲ್ಲಿ ಯಾವ ಸೈಟ್ ತೆಗೆದ್ರೂ ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ ಬರ್ತಿತ್ತು, ಮೂರೂ ಪಿಂಗ್ ಮಾತ್ರ ಚೆನ್ನಾಗಿ ಓಡ್ತಿತ್ತು. ಅರ್ಧ ಗಂಟೆ ತಲೆ ಕೆಡಿಸ್ಕೊಂಡ ಮೇಲೆ ಮೂಲೇಲಿರೋ ತಾರೀಖು ಓದಿ ಹೇಳಿ ಅಂದೆ, 2009ನೇ ಇಸವಿ ಅಂದ್ರು. ಮದರ್‌ಬೋರ್ಡ್ ಮೇಲಿನ ಸೆಲ್ ಸತ್ತು ಗಡಿಯಾರ ಹಿಂದಕ್ಕೆ ಹೋಗಿತ್ತು, ಆ ತಾರೀಖಿಗೆ ಸೈಟ್‌ಗಳ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸೋ ಗುರುತು ಪತ್ರ) ಇನ್ನೂ ಹುಟ್ಟೇ ಇರ್ಲಿಲ್ಲ. ಕೈಯಲ್ಲೇ ತಾರೀಖು ಸರಿ ಮಾಡಿಸ್ದೆ, ಸೈಟ್‌ಗಳು ತೆಗೆದ್ವು. ಮಾರನೇ ದಿನ ಭಾವ ಪೇಟೆಗೆ ಹೋಗಿ ಸಿಆರ್2032 ಅನ್ನೋ ಬಿಲ್ಲೆ ಸೆಲ್ ತಂದು ಹಾಕಿದ್ರು, ಆಮೇಲೆ ಕರೆಂಟ್ ಹೋಗಿ ಬಂದ್ರೂ ಗಡಿಯಾರ ಕದಲಿಲ್ಲ.