ಮೂಗು ಬಲಕ್ಕೆ, ರನ್‌ವೇ ಎಡಕ್ಕೆ

ಸ್ಲಿಪ್ (ವಿಮಾನವನ್ನು ಓರೆ ಮಾಡಿ, ಗಾಳಿಗೆ ಪಕ್ಕೆಕೊಟ್ಟು ಎತ್ತರ ಕಳೆಯುವುದು) ಕಲಿಯುವಾಗ ನಾನು ಮಾಡಿದ ದೊಡ್ಡ ತಪ್ಪು ಸ್ಪೀಡ್ ಮೀಟರನ್ನು ನಂಬಿದ್ದು.

ಸೆಸ್ನಾ 172 ಅನ್ನೋ ಪುಟ್ಟ ವಿಮಾನದಲ್ಲಿ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆ ಹಂತಕ್ಕೆ ಬಂದಿದ್ದೆ. ಎತ್ತರ ಜಾಸ್ತಿ ಇತ್ತು, ಎಡದಿಂದ ಸ್ವಲ್ಪ ಗಾಳಿ. ಎಂಜಿನ್ ಪವರ್ ಪೂರ್ತಿ ಇಳಿಸಿದೆ. ಎಡ ರೆಕ್ಕೆ ತಗ್ಗಿಸಿ ಬಲಗಾಲಿನಿಂದ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತಿದೆ. ವಿಮಾನ ಗಾಳಿಗೆ ಪಕ್ಕೆಕೊಟ್ಟು ಸರಸರ ಇಳಿಯತೊಡಗಿತು. ಸ್ಪೀಡ್ ಏರದೆ ಎತ್ತರ ಕಳೆಯೋಕೆ ತಾನೇ ಈ ಕಸರತ್ತು! ಆದರೆ ಮುಳ್ಳು 65 ನಾಟ್‌ನಿಂದ 55ಕ್ಕೆ ಬಂತು. ಸ್ಟಾಲ್ ಆಗುತ್ತೆ, ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲ್ಲ ಅಂತ ಹೆದರಿ ಮೂಗು ತಗ್ಗಿಸಿದೆ. ಸ್ಲಿಪ್ ಬಿಟ್ಟ ಕೂಡಲೇ ಮುಳ್ಳು 78ಕ್ಕೆ ಜಿಗಿಯಿತು. ವಿಮಾನ ನೆಲ ಮುಟ್ಟಲು ಒಪ್ಪಲೇ ಇಲ್ಲ, ರನ್‌ವೇ ಮೇಲೆ ತೇಲುತ್ತಾ ಹೋಯಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದೆ, ಅಂದರೆ ಗೋ-ಅರೌಂಡ್ ಮಾಡಿದೆ.

"ಮೀಟರ್ ಬಿಡು, ಮೂಗು ನೋಡು," ಅಂದರು ಇನ್‌ಸ್ಟ್ರಕ್ಟರ್. ಆ ವಿಮಾನದಲ್ಲಿ ಸ್ಪೀಡ್ ಮೀಟರಿಗೆ ಹೊರಗಿನ ಗಾಳಿಯ ಒತ್ತಡ ತಿಳಿಸುವ ಸ್ಟ್ಯಾಟಿಕ್ ತೂತು ಎಡಪಕ್ಕದಲ್ಲಿದೆ. ಮೂಗು ಬಲಕ್ಕೆ ತಿರುಗಿದರೆ ಗಾಳಿ ನೇರ ಅದಕ್ಕೇ ಬಡಿಯುತ್ತೆ, ಮೀಟರ್ ಕಡಿಮೆ ತೋರಿಸುತ್ತೆ. ನಾನು ಹೆದರಿದ್ದು ಸುಮ್ನೆ.

ಮುಂದಿನ ಪಾಠ 3000 ಅಡಿ ಮೇಲೆ, ಕೆಳಗಿನ ನೇರ ರಸ್ತೆಯೇ ರನ್‌ವೇ. ಮೊದಲು ಗ್ಲೈಡ್‌ನಲ್ಲಿ (ಪವರ್ ಇಲ್ಲದೆ ತೇಲಿ ಇಳಿಯುವಾಗ) ಮೂಗು ದಿಗಂತಕ್ಕಿಂತ ಎಷ್ಟು ಕೆಳಗಿದೆ ಅಂತ ಕಣ್ಣಲ್ಲಿ ಅಳೆದುಕೊಂಡೆ. ಆಮೇಲೆ ರಡ್ಡರ್ ಪೂರ್ತಿ ಒತ್ತಿ, ರಸ್ತೆಯಿಂದ ಆಚೀಚೆ ಸರಿಯದಷ್ಟು ಮಾತ್ರ ರೆಕ್ಕೆ ತಗ್ಗಿಸಿದೆ. ರಸ್ತೆ ಎಡಗಡೆ ಕಾಣುತ್ತಿತ್ತು, ವಿಮಾನ ಮಾತ್ರ ಅದರ ಮೇಲೇ ಹೋಗುತ್ತಿತ್ತು. ತಲೆ ಒಪ್ಪಲು ನಾಲ್ಕೈದು ಸಲ ಬೇಕಾಯಿತು.

ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) ವಿಷಯ ಮರೆಯಬೇಡಿ. 172ರ ಕೆಲವು ಮಾಡೆಲ್‌ಗಳಲ್ಲಿ ಫ್ಲಾಪ್ ಜಾಸ್ತಿ ಇಳಿಸಿ ಸ್ಲಿಪ್ ಮಾಡಬೇಡಿ ಅಂತಲೇ ಬರೆದಿರುತ್ತೆ. ಬಾಲದ ಮೇಲಿನ ಗಾಳಿ ಕದಡಿ ಮೂಗು ಕುಣಿಯಬಹುದು. ನಿಮ್ಮ ವಿಮಾನದ ಮ್ಯಾನುಯಲ್ ಏನು ಹೇಳುತ್ತೋ ಅದೇ ಕೊನೆ ಮಾತು.

ಅಂದಹಾಗೆ, 1983ರಲ್ಲಿ ಕೆನಡಾದ ಗಿಮ್ಲಿಯಲ್ಲಿ ಇಂಧನ ಮುಗಿದ ಬೋಯಿಂಗ್ 767 ಅನ್ನು ಕ್ಯಾಪ್ಟನ್ ಬಾಬ್ ಪಿಯರ್ಸನ್ ಇಳಿಸಿದ್ದೂ ಹೀಗೇ ಸ್ಲಿಪ್ ಮಾಡಿ. ಅವರಿಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸ ಇತ್ತು.

ನಾನು 200 ಅಡಿಗಿಂತ ಕೆಳಗೆ ಸ್ಲಿಪ್ ಇಟ್ಟುಕೊಳ್ಳುವುದಿಲ್ಲ. ಅಷ್ಟರಲ್ಲಿ ಸರಿಹೋಗದಿದ್ದರೆ ಗೋ-ಅರೌಂಡ್. ಬಿಡುವಾಗ ಕೈ ಕಾಲು ಎರಡೂ ಒಟ್ಟಿಗೆ ಬಿಡಬೇಕು. ನನಗೆ ಇನ್ನೂ ಕಾಲೇ ಮೊದಲು ಬಿಡುವ ಚಾಳಿ. ವಿಮಾನ ಥಟ್ಟನೆ ತಗ್ಗಿದ ರೆಕ್ಕೆಯ ಕಡೆಗೆ ಎಳೆಯುತ್ತೆ.