ಕತೆಯನ್ನು ಅರ್ಧಕ್ಕೆ ನಿಲ್ಲಿಸಿ: ಕೆಲಸದ ಅನುಭವವನ್ನು ಕ್ಲಾಸಿಗೆ ತರುವುದು ಹೇಗೆ?

ಪಾಲಿಟೆಕ್ನಿಕ್‌ಗೆ ಪಾಠ ಮಾಡಲು ಬರುವ ಮುಂಚೆ ನಾನು ಒಂಬತ್ತು ವರ್ಷ ಕಟ್ಟಡದ ಸೈಟ್‌ಗಳಲ್ಲಿ ಎಂಜಿನಿಯರ್ ಆಗಿದ್ದೆ. ಅಷ್ಟು ಅನುಭವ ಇದೆಯಲ್ಲ, ಪಾಠ ಸಲೀಸು ಅಂದುಕೊಂಡೆ. ಮೊದಲ ವರ್ಷವೆಲ್ಲ ಸೈಟಿನ ಕತೆಗಳನ್ನು ಹೇಳಿದ್ದೇ ಹೇಳಿದ್ದು. ಹುಡುಗರು ನಕ್ಕರು, ಕಣ್ಣರಳಿಸಿ ಕೇಳಿದರು. ಪರೀಕ್ಷೆಯಲ್ಲಿ ಮಾತ್ರ ನೀರು-ಸಿಮೆಂಟ್ ಅನುಪಾತದ ಪ್ರಶ್ನೆಗೆ ಅರ್ಧ ಕ್ಲಾಸು ಗೈಡಿನ ಸಾಲನ್ನೇ ಇಳಿಸಿತ್ತು. ನನ್ನ ಕತೆ ಒಂದು ಕಡೆ, ಪಾಠ ಇನ್ನೊಂದು ಕಡೆ.

ಆಮೇಲೆ ಕಲಿತ ಕ್ರಮ ಇದು. ನಾನು ಕಾಂಕ್ರೀಟಿನ ಉದಾಹರಣೆ ಕೊಡುತ್ತೇನೆ. ನಿಮ್ಮದು ವಾಣಿಜ್ಯವಾದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ವಿಜ್ಞಾನವಾದರೆ ಡೈರಿಯ ಫ್ಯಾಟ್ ರೀಡಿಂಗ್ ಹಿಡಿದುಕೊಳ್ಳಿ.

ಮೊದಲು ನೀವು ಎಡವಿದ ಒಂದು ದಿನವನ್ನು ಆರಿಸಿ

ಗೆದ್ದ ಕತೆ ಬೇಡ. ಅದರಲ್ಲಿ ಚರ್ಚೆಗೆ ಜಾಗವೇ ಇರುವುದಿಲ್ಲ, ಚಪ್ಪಾಳೆ ತಟ್ಟಬಹುದು ಅಷ್ಟೆ. ತಪ್ಪಾದ ದಿನ ಬೇಕು. ಅದರಲ್ಲಿ ಒಂದು ಲೆಕ್ಕ ಇರಬೇಕು, ಸಿಲಬಸ್ಸಿನ ಒಂದು ಪಾಠಕ್ಕೆ ನೇರವಾಗಿ ತಗುಲಬೇಕು.

ನನ್ನದು ಹೀಗಿತ್ತು. ಕೆಲಸಕ್ಕೆ ಸೇರಿದ ಹೊಸತು. ಏಪ್ರಿಲ್ ತಿಂಗಳ ಬಿಸಿಲು. ಮನೆಯೊಂದರ ಮೋಲ್ಡ್ ಹಾಕುತ್ತಿದ್ದೆವು. ಎಂ20 ಕಾಂಕ್ರೀಟ್, ಅಂದರೆ 28ನೇ ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ವಾತಾವರಣದಲ್ಲಿ ನೀರು-ಸಿಮೆಂಟ್ ಅನುಪಾತ 0.55 ದಾಟಬಾರದು. ಅಂದರೆ 50 ಕೆ.ಜಿ. ಸಿಮೆಂಟ್ ಚೀಲಕ್ಕೆ 27.5 ಲೀಟರ್ ನೀರು. ಮೇಸ್ತ್ರಿ ಹೇಳಿದರು: ‘ಸಾರ್, ಗಟ್ಟಿ ಆಯ್ತು, ಓಡ್ತಿಲ್ಲ. ಒಂದು ಬಕೆಟ್ ನೀರು ಬಿಡಣ?’ ನಾನು ಹೂಂ ಅಂದೆ. ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ತುಂಬಿಟ್ಟ ಕ್ಯೂಬ್‌ಗಳನ್ನು 28 ದಿನ ಕಳೆದ ಮೇಲೆ ಒಡೆಸಿದರೆ ಬಂದದ್ದು 20 ಅಲ್ಲ, 14.

ಇಲ್ಲಿಗೆ ನಿಲ್ಲಿಸಿ. ನಿಜವಾಗಿಯೂ ನಿಲ್ಲಿಸಿ. ಆಮೇಲೆ ಏನಾಯಿತು ಅಂತ ಹುಡುಗರು ಪೀಡಿಸುತ್ತಾರೆ. ಹೇಳಬೇಡಿ.

ಮಾತಿಗಿಂತ ಮುಂಚೆ ಬರವಣಿಗೆ

‘ಏನನ್ನಿಸುತ್ತೆ, ಹೇಳಿ’ ಅಂದರೆ ಮುಂದಿನ ಬೆಂಚಿನ ಮೂವರು ಮಾತಾಡುತ್ತಾರೆ, ಉಳಿದವರು ಗೋಡೆ ನೋಡುತ್ತಾರೆ. ಅದಕ್ಕೇ ಮೊದಲು ಮೂರು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ. ಪ್ರಶ್ನೆ ‘ಕಾರಣಗಳನ್ನು ವಿವರಿಸಿ’ ಅನ್ನುವ ಥರ ಇರಬಾರದು. ನಾನು ಕೇಳುವುದು ಎರಡೇ. ತಪ್ಪು ಯಾರದು? ನಾಳೆ ಬೆಳಗ್ಗೆ ಮನೆ ಯಜಮಾನರಿಗೆ ನೀವಾದರೆ ಏನು ಹೇಳುತ್ತೀರಿ?

ಬರೆದಾದ ಮೇಲೆ ಕೈ ಎತ್ತಿಸಿ: ಮೇಸ್ತ್ರಿಯದು ತಪ್ಪು ಅನ್ನುವವರು, ಎಂಜಿನಿಯರ್‌ದು ಅನ್ನುವವರು, ಯಾರದೂ ಅಲ್ಲ ಅನ್ನುವವರು. ಎಣಿಸಿ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಕೊನೆಗೆ ಮತ್ತೆ ಎಣಿಸಬೇಕು.

ಆಮೇಲೆ ನಾಲ್ಕು ನಾಲ್ಕು ಜನರ ಗುಂಪು, ಹತ್ತು ನಿಮಿಷ. ಗುಂಪಿನ ಪರವಾಗಿ ಯಾವಾಗಲೂ ಹಿಂದಿನ ಬೆಂಚಿನವರೇ ಎದ್ದು ಹೇಳಬೇಕು. ಇದೊಂದು ನಿಯಮಕ್ಕೆ ಮೊದಲ ವಾರ ಗೊಣಗುತ್ತಾರೆ, ಆಮೇಲೆ ಒಗ್ಗಿಹೋಗುತ್ತದೆ.

ನೀವು ಸೋಲಲು ತಯಾರಿರಿ

ಈ ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟದ್ದು. ನನ್ನ ಉತ್ತರ ಸಿದ್ಧವಾಗಿತ್ತು. ಹತ್ತು ಲೀಟರ್ ಜಾಸ್ತಿ ಹಾಕಿದರೆ 37.5 ಲೀಟರ್, ಅನುಪಾತ 0.75. ಸಿಮೆಂಟಿನ ಜೊತೆ ಸೇರದೆ ಉಳಿದ ನೀರು ಆರಿ, ಸಣ್ಣ ಸಣ್ಣ ತೂತು ಉಳಿಸುತ್ತದೆ, ಬಲ ಕುಸಿಯುತ್ತದೆ. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ, ನನಗೆ ಧೈರ್ಯ ಇರಲಿಲ್ಲ. ಮುಗೀತು ಅಂದುಕೊಂಡಿದ್ದೆ.

ಒಬ್ಬ ಹುಡುಗ ಎದ್ದ. ಅಲ್ಲಿಯವರೆಗೆ ಕ್ಲಾಸಿನಲ್ಲಿ ಬಾಯಿ ಬಿಟ್ಟವನಲ್ಲ. ‘ಸಾರ್, ನಮ್ಮಪ್ಪಾನೂ ಮೇಸ್ತ್ರೀನೇ. ಜಲ್ಲಿ ಬಿಸಿಲಲ್ಲಿ ಒಣಗಿದ್ರೆ ಅದೇ ನೀರು ಕುಡಿಯುತ್ತೆ. ಹಿಂದಿನ ದಿನಾನೇ ಜಲ್ಲಿಗೆ ನೀರು ಹೊಡೆಸಿದ್ರಾ?’

ಹೊಡೆಸಿರಲಿಲ್ಲ. ಅವನು ಬಿಡಲಿಲ್ಲ. ಬಾಂಡ್ಲಿಯಲ್ಲಿ ಕೈಯಿಂದ ಕೈಗೆ ಮೇಲೆ ಸಾಗಿಸುವಾಗ ಎಷ್ಟು ಹೊತ್ತಾಯಿತು, ಮಿಕ್ಸರ್‌ನಿಂದ ದೂರ ಎಷ್ಟಿತ್ತು ಅಂತೆಲ್ಲ ಕೇಳಿದ. ಒಣ ಜಲ್ಲಿ ನೀರು ಹೀರುತ್ತದೆ ಅನ್ನುವುದು ನಮ್ಮ ಪಠ್ಯದಲ್ಲೇ ಇದೆ, ಬೇರೆ ಅಧ್ಯಾಯದಲ್ಲಿ. ನಾನೇ ಅದನ್ನು ಈ ಕತೆಗೆ ಜೋಡಿಸಿರಲಿಲ್ಲ! ಮೇಸ್ತ್ರಿ ನೀರು ಕೇಳಿದ್ದಕ್ಕೆ ಕಾರಣ ಇತ್ತು. ಅವರು ಹುಡುಕಿದ ಪರಿಹಾರ ಮಾತ್ರ ತಪ್ಪು.

ಅವತ್ತು ‘ಇದು ನನಗೆ ಹೊಳೆದಿರಲಿಲ್ಲ’ ಅಂತ ಎಲ್ಲರೆದುರು ಒಪ್ಪಿಕೊಂಡೆ. ಮೇಷ್ಟ್ರು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಅಂತ ಹೆದರುವವರು ಇದ್ದಾರೆ. ನನಗೆ ಆಗಿದ್ದು ಉಲ್ಟಾ. ಮಾರನೇ ದಿನದಿಂದ ಸೆಂಟ್ರಿಂಗ್ ಕೆಲಸದವರ ಮಗ, ರಾಡ್ ಕಟ್ಟುವವರ ಮಗಳು, ಒಬ್ಬೊಬ್ಬರೇ ಮಾತಾಡತೊಡಗಿದರು. ಅದಕ್ಕೆ ಮುಂಚೆ ಅಪ್ಪನ ಕೆಲಸ ಏನು ಅಂತ ಕೇಳಿದರೆ ಇವರಲ್ಲಿ ಕೆಲವರು ‘ಬಿಸಿನೆಸ್’ ಅನ್ನುತ್ತಿದ್ದರು.

ಹಾಗಂತ ಯಾರನ್ನೂ ಹೆಸರು ಹಿಡಿದು ‘ನಿಮ್ಮಪ್ಪ ಕೂಲಿ ಅಲ್ವಾ, ನೀನು ಹೇಳು’ ಅನ್ನಬೇಡಿ. ತಾನಾಗಿ ಬಂದರೆ ಬರಲಿ.

ನಿಮ್ಮ ಮಾತು ಕೊನೆಗೆ

ಗುಂಪುಗಳು ಹೇಳಿ ಮುಗಿಸಿದ ಮೇಲೆ ಕತೆಯ ಉಳಿದರ್ಧ ಹೇಳಿ. ಕ್ಯೂಬ್ ಫೇಲಾದ ಮಾತ್ರಕ್ಕೆ ಯಾರೂ ಮೋಲ್ಡ್ ಒಡೆಯುವುದಿಲ್ಲ. ಮೋಲ್ಡನ್ನೇ ಕೊರೆದು ಕೋರ್, ಅಂದರೆ ಉರುಳೆಯಾಕಾರದ ತುಂಡು, ತೆಗೆಸಿ ಪರೀಕ್ಷಿಸುತ್ತಾರೆ. ಕೋರ್‌ಗಳ ಸರಾಸರಿ, ಬೇಕಾದ ಬಲದ ಶೇ 85ಕ್ಕೆ ಕಡಿಮೆ ಇರಬಾರದು. ಯಾವ ಒಂದು ಕೋರ್ ಕೂಡ ಶೇ 75ಕ್ಕಿಂತ ಕೆಳಗೆ ಬರಬಾರದು. ಎಂ20ಗೆ ಲೆಕ್ಕ ಹಾಕಿದರೆ 17 ಮತ್ತು 15. ನಾವು ಕೂದಲೆಳೆಯಲ್ಲಿ ಪಾರಾದೆವು. ಇದನ್ನು ಹೇಳುವ ಹೊತ್ತಿಗೆ ಆ ಎರಡು ಅಂಕಿಗಳು ಹುಡುಗರಿಗೆ ನಿಜಕ್ಕೂ ಬೇಕಾಗಿರುತ್ತವೆ. ಬರೆಸುವ ಅಗತ್ಯವೇ ಬೀಳುವುದಿಲ್ಲ.

ಕೈ ಎತ್ತಿಸಿ ಮತ್ತೆ ಎಣಿಸಿ. ಅಭಿಪ್ರಾಯ ಬದಲಿಸಿದವರಲ್ಲಿ ಇಬ್ಬರನ್ನು ಮಾತ್ರ ‘ಯಾಕೆ’ ಅಂತ ಕೇಳಿ.

‘ಸಾರ್, ಇದು ಎಕ್ಸಾಮ್‌ಗೆ ಬರುತ್ತಾ?’ ಅಂತ ಒಬ್ಬರು ಕೇಳೇ ಕೇಳುತ್ತಾರೆ. ಬೈಯಬೇಡಿ, ಅವರ ಚಿಂತೆ ಸುಳ್ಳಲ್ಲ. ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ಪ್ರಶ್ನೆ ತೆಗೆದು, ಇದೇ ಕತೆ ಇಟ್ಟುಕೊಂಡು ಉತ್ತರ ಬರೆಸಿ. ಹತ್ತು ನಿಮಿಷ ಸಾಕು.

ನಿಮಗೇ ಹೊರಗಿನ ಅನುಭವ ಇಲ್ಲವೇ?

ಓದು ಮುಗಿಸಿ ನೇರ ಪಾಠಕ್ಕೆ ಬಂದವರೇ ನಮ್ಮಲ್ಲಿ ಹೆಚ್ಚು. ರಜೆಯಲ್ಲಿ ಎರಡು ದಿನ ಒಂದು ಸೈಟಿನಲ್ಲೋ ಗ್ಯಾರೇಜಿನಲ್ಲೋ ಸುಮ್ನೆ ಕೂತು ನೋಡಿ, ನಾಲ್ಕು ಕತೆ ಸಿಗುತ್ತವೆ. ಇಲ್ಲವಾದರೆ ಕೆಲಸ ಬಲ್ಲವರನ್ನು ಕರೆಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯವರಿಗೆ ಸ್ಥಳೀಯ ಕಸುಬುದಾರರ ಜೊತೆ ಕಲಿಯಲು 10 ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿದೆ. ಕಾಲೇಜುಗಳಿಗೆ ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆ ತಂದಿತು. ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಕೆಲಸ ಮಾಡಿದ ಪರಿಣತರಿಗೆ ಅದು. ಪಿಎಚ್‌ಡಿ ಕಡ್ಡಾಯವಲ್ಲ.

ಆದರೆ ನಮ್ಮ ಕಡೆ ಮೇಸ್ತ್ರಿಯನ್ನು ಕರೆದರೆ ಶಾಲು ಹೊದಿಸಿ, ಹಾರ ಹಾಕಿ, ಮೈಕ್ ಕೊಟ್ಟುಬಿಡುತ್ತೇವೆ. ಅವರು ಬೆವರುತ್ತಾರೆ. ಎರಡು ಮಾತಾಡಿ ಕೂರುತ್ತಾರೆ. ಭಾಷಣ ಬೇಡ. ಲ್ಯಾಬಿನಲ್ಲಿ ಮರಳು, ಜಲ್ಲಿ, ಸಿಮೆಂಟ್ ಎದುರಿಟ್ಟು ಕೆಲಸ ಮಾಡಲು ಹೇಳಿ, ಹುಡುಗರು ಪಕ್ಕದಲ್ಲಿ ನಿಂತು ಕೇಳಲಿ. ಮೇಸ್ತ್ರಿಯ ಅವತ್ತಿನ ಕೂಲಿಯನ್ನು ತಪ್ಪದೆ ಕೊಡಿ. ಕಾಲೇಜಿನಲ್ಲಿ ಅದಕ್ಕೆ ಲೆಕ್ಕಶೀರ್ಷಿಕೆ ಇಲ್ಲ ಅನ್ನುತ್ತಾರೆ. ನಾವು ಸ್ಟಾಫ್ ರೂಮಿನಲ್ಲಿ ಚಂದಾ ಎತ್ತಿದೆವು.

ಕೊನೆಯ ಹೆಜ್ಜೆ ಲ್ಯಾಬಿನಲ್ಲಿ

ವಾದ ಎಷ್ಟೇ ಆದರೂ ಕಣ್ಣಾರೆ ನೋಡಬೇಕು. 150 ಮಿ.ಮೀ. ಅಚ್ಚಿನಲ್ಲಿ 0.55ರ ಆರು ಕ್ಯೂಬ್, 0.75ರ ಆರು ಕ್ಯೂಬ್ ತುಂಬಿಸಿ. ಯಾವುದು ಎಷ್ಟಕ್ಕೆ ಒಡೆಯುತ್ತದೆ ಅಂತ ಪ್ರತಿ ಗುಂಪೂ ಮೊದಲೇ ಅಂದಾಜು ಬರೆದಿಡಲಿ. 7ನೇ ದಿನ ಮೂರು ಮೂರು, 28ನೇ ದಿನ ಉಳಿದವು. ಸೋಮವಾರ ತುಂಬಿದರೆ ಎರಡು ಪರೀಕ್ಷೆಯೂ ಸೋಮವಾರವೇ ಬೀಳುತ್ತದೆ. ಆ ಸೋಮವಾರ ಸರ್ಕಾರಿ ರಜೆ ಇದೆಯಾ ಅಂತ ಕ್ಯಾಲೆಂಡರ್ ನೋಡಿಕೊಂಡೇ ಅಚ್ಚಿಗೆ ಎಣ್ಣೆ ಹಚ್ಚಿ. ನಾವು ಒಮ್ಮೆ ನೋಡಿರಲಿಲ್ಲ, ಬೀಗ ಹಾಕಿದ ಲ್ಯಾಬಿನ ಮುಂದೆ ಮೂವತ್ತು ಜನ ನಿಂತಿದ್ದೆವು.